ನುಂಗಿದ ಗುಳಿಗೆಯ ಲೆಕ್ಕ

ವೈದ್ಯನು ಔಷಧವನ್ನು ವಿಧಿಸಬಲ್ಲನು, ಔಷಧಾಲಯವು ಅದನ್ನು ಒದಗಿಸಬಲ್ಲುದು, ಸರಕಾರವು ಅದರ ವೆಚ್ಚವನ್ನು ಭರಿಸಬಲ್ಲುದು. ಆದರೆ ಆ ಔಷಧವು ರೋಗಿಯ ಬಾಯಿಂದ ಒಳಕ್ಕಿಳಿಯುವ ಕ್ಷಣವು ಮಾತ್ರ ಇವರಾರ ಕಣ್ಣಿಗೂ ಬೀಳದೆ, ಯಾವುದೋ ಅಡುಗೆಮನೆಯ ಮೂಲೆಯಲ್ಲಿ, ಯಾವುದೋ ಪ್ರಯಾಣದ ನಡುವೆ ನಡೆದುಹೋಗುತ್ತದೆ, ಇಲ್ಲವೆ ನಡೆಯದೆಯೇ ಹೋಗುತ್ತದೆ. ಹಿಪ್ಪೊಕ್ರೇಟಿಸನ ಹೆಸರಿನಲ್ಲಿ ಬಂದಿರುವ ಪ್ರಾಚೀನ ಗ್ರೀಕ್ ಗ್ರಂಥಗಳಲ್ಲೊಂದು, ಕೊಟ್ಟ ಮದ್ದನ್ನು ಸೇವಿಸಿದೆವೆಂದು ರೋಗಿಗಳು ಸುಳ್ಳು ಹೇಳುವುದುಂಟೆಂದು ವೈದ್ಯರನ್ನು ಆಗಲೇ ಎಚ್ಚರಿಸಿತ್ತು. ಎರಡು ಸಾವಿರ ವರ್ಷಗಳಿಗೂ ಮಿಕ್ಕ ಈ ಸಂಶಯವು ಎಚ್‌ಐವಿ ಸೋಂಕಿನ ಚಿಕಿತ್ಸೆಯಲ್ಲಿ ಪಡೆದಷ್ಟು ತೀವ್ರತೆಯನ್ನು ಬೇರೆ ಯಾವ ರೋಗದಲ್ಲಿಯೂ ಪಡೆದಿರಲಾರದು.

ಅದಕ್ಕೆ ಕಾರಣವು ವೈರಾಣುವಿನ ಸ್ವಭಾವದಲ್ಲಿಯೇ ಇದೆ. ಚಿಕಿತ್ಸೆಯಿಲ್ಲದ ಸೋಂಕಿತನ ದೇಹದಲ್ಲಿ ದಿನವೊಂದಕ್ಕೆ ಸುಮಾರು ಸಾವಿರ ಕೋಟಿ ಹೊಸ ವೈರಾಣುಗಳು ಹುಟ್ಟುತ್ತವೆ. ತನ್ನ ವಂಶಲಿಪಿಯನ್ನು ನಕಲು ಮಾಡಿಕೊಳ್ಳುವಾಗ ಈ ವೈರಾಣು ಪದೇ ಪದೇ ತಪ್ಪುತ್ತದೆ. ಆ ತಪ್ಪುಗಳಲ್ಲಿ ಯಾವುದಾದರೊಂದು ಔಷಧವನ್ನು ತಡೆದುಕೊಳ್ಳುವ ಶಕ್ತಿಯನ್ನು ಅದಕ್ಕೆ ಆಕಸ್ಮಿಕವಾಗಿ ತಂದುಕೊಡಬಹುದು. ರಕ್ತದಲ್ಲಿ ಔಷಧದ ಪ್ರಮಾಣವು ಸಾಕಷ್ಟಿದ್ದಾಗ ವೃದ್ಧಿಯೇ ನಿಂತುಹೋಗುವುದರಿಂದ ಇಂತಹ ತಳಿಗೆ ಅವಕಾಶವಿಲ್ಲ. ಔಷಧವು ಸಂಪೂರ್ಣವಾಗಿ ಇಲ್ಲದಿದ್ದಾಗ ಅದಕ್ಕೆ ವಿಶೇಷ ಪ್ರಯೋಜನವಿಲ್ಲ. ಇದ್ದೂ ಇಲ್ಲದಂತಿರುವ ನಡುವಣ ಸ್ಥಿತಿಯಲ್ಲಿಯೇ ಅದು ತಲೆಯೆತ್ತುವುದು. 1996ರ ಸುಮಾರಿಗೆ ಮೂರು ಔಷಧಗಳ ಸಂಯುಕ್ತ ಚಿಕಿತ್ಸೆ ಬಳಕೆಗೆ ಬಂದು, ಮರಣಶಾಸನದಂತಿದ್ದ ರೋಗವು ಬಾಳುವೆಗೆ ಅಡ್ಡಿಯಾಗದ ದೀರ್ಘವ್ಯಾಧಿಯಾಗಿ ಮಾರ್ಪಟ್ಟಿತೆಂಬುದು ನಿಜ. ಆದರೆ ಆ ಚಿಕಿತ್ಸೆ ಜೀವನಪರ್ಯಂತ ನಡೆಯತಕ್ಕದ್ದು. ಎಆರ್‌ಟಿ ಎಂಬ ಈ ಚಿಕಿತ್ಸೆಯ ಕೇಂದ್ರಗಳ ಸಿಬ್ಬಂದಿ ಅಡ್ಹೀರೆನ್ಸ್ ಎಂದು ಕರೆಯುವ ಔಷಧಪಾಲನೆಯನ್ನು ಅಳೆಯುವ ಶಾಸ್ತ್ರವೊಂದು ಬೆಳೆದುಬಂದುದು ಈ ಅಗತ್ಯದಿಂದ.

ಆ ಶಾಸ್ತ್ರದ ಬೇರುಗಳಲ್ಲೊಂದು ನಮ್ಮ ದಕ್ಷಿಣ ಭಾರತದಲ್ಲಿಯೇ ಇದೆ. 1956ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಕ್ಷಯರೋಗ ಚಿಕಿತ್ಸಾ ಸಂಶೋಧನ ಕೇಂದ್ರದಲ್ಲಿ ವಾಲೇಸ್ ಫಾಕ್ಸ್ ಮತ್ತು ಅವರ ಸಹೋದ್ಯೋಗಿಗಳು, ಬಡ ರೋಗಿಗಳು ಸ್ಯಾನಟೋರಿಯಮ್ಮಿಗೆ ಹೋಗದೆ ಮನೆಯಲ್ಲಿಯೇ ಔಷಧವನ್ನು ಸೇವಿಸಿ ಗುಣಹೊಂದಬಲ್ಲರೆ ಎಂಬ ಪ್ರಶ್ನೆಯನ್ನು ಎತ್ತಿಕೊಂಡಾಗ, ಮುನ್ಸೂಚನೆಯಿಲ್ಲದೆ ಮನೆಗಳಿಗೆ ಹೋಗಿ ಉಳಿದ ಮಾತ್ರೆಗಳನ್ನು ಎಣಿಸುವ ಮತ್ತು ಮೂತ್ರದಲ್ಲಿ ಔಷಧದ ಅಂಶವನ್ನು ಪರೀಕ್ಷಿಸುವ ಕ್ರಮಗಳನ್ನು ಅನುಸರಿಸಿದರು. ಮನೆಯ ಚಿಕಿತ್ಸೆಯೂ ಸ್ಯಾನಟೋರಿಯಮ್ಮಿನ ಚಿಕಿತ್ಸೆಯಷ್ಟೇ ಫಲಕಾರಿಯೆಂದು ಅಲ್ಲಿ ಸಿದ್ಧವಾಯಿತು. ಬಡವರಿಂದ ಇದು ಆಗದೆಂಬ ಅನುಮಾನವನ್ನು ಅಳತೆಯು ಸುಳ್ಳುಮಾಡಿದ ಈ ಸಂಗತಿ ಮುಂದೆ ಬೇರೊಂದು ರೂಪದಲ್ಲಿ ಮರಳಿ ಬರುವುದನ್ನು ಕಾಣುವೆವು.

ಅಳೆಯುವ ಉಪಾಯಗಳಲ್ಲಿ ಅತ್ಯಂತ ಸುಲಭವಾದುದು ರೋಗಿಯನ್ನೇ ಕೇಳುವುದು. ಕಳೆದ ನಾಲ್ಕು ದಿನಗಳಲ್ಲಿ ಎಷ್ಟು ಡೋಸುಗಳು ತಪ್ಪಿದವೆಂದು ವಿಚಾರಿಸಬಹುದು. ಅಥವಾ ಸೊನ್ನೆಯಿಂದ ನೂರರವರೆಗಿನ ಒಂದು ಗೆರೆಯನ್ನು ತೋರಿಸಿ, ಕಳೆದ ತಿಂಗಳಿನ ಸೇವನೆ ಎಲ್ಲಿಗೆ ನಿಲ್ಲುತ್ತದೆಂದು ಗುರುತು ಹಾಕಿಸಬಹುದು. ಇದಕ್ಕೆ ಖರ್ಚಿಲ್ಲ, ಯಂತ್ರ ಬೇಡ. ಆದರೆ ಮನುಷ್ಯನ ಸ್ಮೃತಿ ದುರ್ಬಲವಾದುದು, ಎದುರಿಗಿರುವವರನ್ನು ಮೆಚ್ಚಿಸಬೇಕೆಂಬ ಆಸೆ ಪ್ರಬಲವಾದುದು. ಆದ್ದರಿಂದ ಇಂತಹ ಉತ್ತರಗಳು ಸಾಮಾನ್ಯವಾಗಿ ವಾಸ್ತವಕ್ಕಿಂತ ಮೇಲೆಯೇ ಇರುತ್ತವೆ. ಹಾಗಿದ್ದರೂ ಒಂದು ವಿಶೇಷವನ್ನು ಗಮನಿಸಬೇಕು: ಡೋಸು ತಪ್ಪಿತೆಂದು ರೋಗಿಯೇ ಹೇಳಿದರೆ ಆ ಮಾತು ಬಹುಮಟ್ಟಿಗೆ ನಂಬತಕ್ಕದ್ದು, ತಪ್ಪಿಲ್ಲವೆಂಬ ಮಾತು ಮಾತ್ರವೇ ಸಂದಿಗ್ಧವಾದುದು.

ಎರಡನೆಯದು ಗುಳಿಗೆಗಳ ಎಣಿಕೆ. ತಿಂಗಳಿಗೆ ಮೂವತ್ತು ಗುಳಿಗೆಗಳ ಡಬ್ಬಿಯನ್ನು ಒಯ್ದವನು ಮೂವತ್ತು ದಿನಗಳ ತರುವಾಯ ಮೂರು ಗುಳಿಗೆಗಳನ್ನು ಉಳಿಸಿಕೊಂಡು ಬಂದರೆ ಅವನ ಪಾಲನೆ ಶೇಕಡಾ 90. ಒಂದೇ ಡೋಸು ತಪ್ಪಿದ್ದರೆ ಅದು ಶೇಕಡಾ 95ರ ಮೇಲೆಯೇ ಉಳಿಯುತ್ತದೆ. ಎರಡನೆಯದು ತಪ್ಪಿದೊಡನೆ ಆ ಗಡಿಯಿಂದ ಕೆಳಗಿಳಿಯುತ್ತದೆ. ಲೆಕ್ಕವು ಮಗುವಿಗೂ ಬರುವಂತಹುದಾದರೂ, ಉಳಿದ ಗುಳಿಗೆಗಳಿಗೆ ಗದರಿಕೆಯೇ ಪ್ರತಿಫಲವೆಂದು ಒಮ್ಮೆ ಅರಿತವನು ಮುಂದಿನ ತಿಂಗಳು ಅವನ್ನು ದಾರಿಯಲ್ಲಿಯೇ ಎಸೆದು ಖಾಲಿ ಡಬ್ಬಿಯೊಡನೆ ಬರುವುದಕ್ಕೆ ತಡೆಯೇನೂ ಇಲ್ಲ. ಇದನ್ನು ಮನಗಂಡು ಅಮೆರಿಕದ ಸಾನ್ ಫ್ರಾನ್ಸಿಸ್ಕೊ ನಗರದಲ್ಲಿ ಡೇವಿಡ್ ಬ್ಯಾಂಗ್ಸ್‌ಬರ್ಗ್ ಮತ್ತು ಸಂಗಡಿಗರು, ನಿಲ್ಲಲು ನೆಲೆಯಿಲ್ಲದ ಸೋಂಕಿತರ ತಾಣಗಳಿಗೆ ಮುನ್ಸೂಚನೆಯಿಲ್ಲದೆ ಹೋಗಿ ಗುಳಿಗೆಗಳನ್ನೆಣಿಸುವ, ಮದರಾಸಿನ ಕ್ರಮವನ್ನೇ ಹೋಲುವ ವಿಧಾನವನ್ನು ಬಳಸಿದರು.

ಡಬ್ಬಿಯ ಮುಚ್ಚಳದಲ್ಲಿ ಸೂಕ್ಷ್ಮ ವಿದ್ಯುನ್ಮಾನ ಚಿಪ್ಪೊಂದನ್ನು ಅಡಗಿಸಿಟ್ಟು, ಮುಚ್ಚಳ ತೆರೆದ ದಿನ ಮತ್ತು ವೇಳೆಯನ್ನೆಲ್ಲ ದಾಖಲಿಸಿಕೊಳ್ಳುವುದು ಮೂರನೆಯ ಉಪಾಯ. 2000ದಲ್ಲಿ ಡೇವಿಡ್ ಪ್ಯಾಟರ್ಸನ್ ಮತ್ತು ಸಹಲೇಖಕರು ಪ್ರಕಟಿಸಿದ ಪ್ರಸಿದ್ಧ ಅಧ್ಯಯನವು ಇದನ್ನೇ ಆಶ್ರಯಿಸಿತ್ತು. ಅವರು ಪರಿಶೀಲಿಸಿದ 81 ರೋಗಿಗಳಲ್ಲಿ, ಶೇಕಡಾ 95ಕ್ಕೆ ಕಡಿಮೆಯಿಲ್ಲದಂತೆ ಔಷಧ ಸೇವಿಸಿದವರ ಪೈಕಿ ಶೇಕಡಾ 22 ಮಂದಿಯಲ್ಲಿ, 80ರಿಂದ 95ರ ನಡುವಣವರ ಪೈಕಿ ಶೇಕಡಾ 61 ಮಂದಿಯಲ್ಲಿ, 80ಕ್ಕಿಂತ ಕೆಳಗಿನವರ ಪೈಕಿ ಶೇಕಡಾ 80 ಮಂದಿಯಲ್ಲಿ ಚಿಕಿತ್ಸೆಯು ವೈರಾಣುವನ್ನು ಅಡಗಿಸಲಾರದೆ ಹೋಯಿತು. ಜಗತ್ತಿನ ಚಿಕಿತ್ಸಾಲಯಗಳೆಲ್ಲ ಶೇಕಡಾ 95ನ್ನು ಪಾವನ ಸಂಖ್ಯೆಯಂತೆ ಸ್ವೀಕರಿಸಿದುದು ಈ ಫಲಿತಾಂಶದ ಪ್ರಭಾವದಿಂದ. ಅದೇ ಅಧ್ಯಯನದ ಇನ್ನೊಂದು ಫಲಿತಾಂಶಕ್ಕೆ ಅಷ್ಟು ಪ್ರಚಾರ ಸಿಕ್ಕಲಿಲ್ಲ: ತಮ್ಮ ರೋಗಿಗಳಲ್ಲಿ ಯಾರು ಎಷ್ಟರಮಟ್ಟಿಗೆ ಔಷಧ ಸೇವಿಸುತ್ತಿರುವರೆಂದು ವೈದ್ಯರು ಮಾಡಿದ ಊಹೆ ಶೇಕಡಾ 41 ಮಂದಿಯ ವಿಷಯದಲ್ಲಿ ತಪ್ಪಾಗಿತ್ತು. ಮುಖವನ್ನು ನೋಡಿ ಮನುಷ್ಯನನ್ನು ಅಳೆಯಬಲ್ಲೆವೆಂಬ ಅನುಭವಸ್ಥರ ಅಭಿಮಾನಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಾಗಿರಲಿಲ್ಲ.

ಮುಚ್ಚಳವಾದರೂ ದೋಷರಹಿತವಲ್ಲ. ವಾರದ ಗುಳಿಗೆಗಳನ್ನು ಒಮ್ಮೆಗೇ ತೆಗೆದು ಜೇಬಿಗಿಳಿಸುವವನನ್ನು ಅದು ತಪ್ಪಿತಸ್ಥನೆಂದು ಬರೆಯುತ್ತದೆ. ಸುಮ್ಮನೆ ತೆರೆದು ಮುಚ್ಚುವವನನ್ನು ನಿಷ್ಠಾವಂತನೆಂದು ಬರೆಯುತ್ತದೆ. ಔಷಧಾಲಯದ ವಿತರಣಾ ದಾಖಲೆಯಿಂದ ಪಾಲನೆಯನ್ನು ಅಳೆಯುವ ಕ್ರಮವೂ ಉಂಟು. ಸಕಾಲಕ್ಕೆ ಬಂದು ಔಷಧವನ್ನು ಒಯ್ಯದವನು ಸೇವಿಸಿರಲಾರನೆಂಬ ಮಟ್ಟಿಗೆ ಅದು ಉಪಯುಕ್ತವಾದರೂ, ಒಯ್ದವನೆಲ್ಲ ಸೇವಿಸಿದನೆನ್ನುವುದು ಅಂಗಡಿಯ ದಿನಸಿ ಚೀಟಿಯನ್ನು ನೋಡಿ ಮನೆಯಲ್ಲಿ ಉಂಡವರು ಯಾರೆಂದು ಹೇಳಿದಂತೆ.

ಇವೆಲ್ಲ ಹೊರಗಿನ ಸಾಕ್ಷ್ಯಗಳಾದುವು. ದೇಹದೊಳಗಿನ ಸಾಕ್ಷ್ಯವನ್ನೇ ಕೇಳುವ ಪ್ರಯತ್ನಗಳೂ ನಡೆದಿವೆ. ರಕ್ತದ್ರವದಲ್ಲಿ ಅಥವಾ ಮೂತ್ರದಲ್ಲಿ ಟೆನೊಫೊವಿರ್ ಎಂಬ ಔಷಧವನ್ನು ಗುರುತಿಸಿದರೆ ಕಳೆದ ಕೆಲವು ದಿನಗಳ ಸುದ್ದಿ ಮಾತ್ರ ತಿಳಿಯುತ್ತದೆ. ಆಸ್ಪತ್ರೆಗೆ ಹೋಗುವ ದಿನ ಸಮೀಪಿಸಿದಾಗ ಮಾತ್ರ ಶ್ರದ್ಧೆಯಿಂದ ಗುಳಿಗೆ ನುಂಗುವವರು ಈ ಪರೀಕ್ಷೆಯಲ್ಲಿ ಸುಲಭವಾಗಿ ತೇರ್ಗಡೆಯಾಗುವರು. ಕೆಂಪು ರಕ್ತಕಣಗಳೊಳಗೆ ಸಂಗ್ರಹವಾಗುವ ಅದೇ ಔಷಧದ ಇನ್ನೊಂದು ರೂಪವು ಅರ್ಧಕ್ಕಿಳಿಯಲು ಸುಮಾರು 17 ದಿನಗಳನ್ನು ತೆಗೆದುಕೊಳ್ಳುವುದರಿಂದ, ಕಾಗದದ ಮೇಲೆ ಒಣಗಿಸಿದ ರಕ್ತದ ಹನಿಯಿಂದ ಹಲವು ವಾರಗಳ ಇತಿಹಾಸವನ್ನು ಓದಬಹುದು. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರು ಬೆಳೆಯುವ ತಲೆಗೂದಲಿನಲ್ಲಿಯೂ ಔಷಧದ ಅಂಶ ಸೇರಿಕೊಳ್ಳುತ್ತದೆಯಾಗಿ, ಕೆಲವೇ ಎಳೆಗಳು ತಿಂಗಳುಗಳ ವೃತ್ತಾಂತವನ್ನು ಹೇಳಬಲ್ಲವು. ಈ ಪರೀಕ್ಷೆಗಳಲ್ಲಿ ಹೆಚ್ಚಿನವು ವೆಚ್ಚದ ಪ್ರಯೋಗಾಲಯಗಳನ್ನು ಬೇಡುವುದರಿಂದ ಜಿಲ್ಲಾಸ್ಪತ್ರೆಯ ನಿತ್ಯದ ಬಳಕೆಗೆ ಇನ್ನೂ ದೂರವೇ ಉಳಿದಿವೆ.

ಇಷ್ಟು ಶ್ರಮಪಟ್ಟು ಅಳೆಯುವುದರಿಂದ ಆದ ಪ್ರಯೋಜನವೇನು ಎಂದು ಕೇಳುವವರಿಗೆ 2001ರ ಒಂದು ಪ್ರಸಂಗವನ್ನು ನೆನಪಿಸಬೇಕು. ಆಫ್ರಿಕದ ಬಡ ರಾಷ್ಟ್ರಗಳಿಗೆ ಈ ಔಷಧಗಳನ್ನು ಒದಗಿಸಬೇಕೆಂಬ ಒತ್ತಾಯವು ಬಲಗೊಳ್ಳುತ್ತಿದ್ದಾಗ, ಅಮೆರಿಕ ಸರಕಾರದ ವಿದೇಶೀ ನೆರವಿನ ಸಂಸ್ಥೆಯ ಮುಖ್ಯಸ್ಥರಾಗಿದ್ದ ಆಂಡ್ರೂ ನ್ಯಾಟ್ಸಿಯೋಸ್, ಗಡಿಯಾರವನ್ನೇ ಕಾಣದ ಅಲ್ಲಿನ ಅನೇಕರು ವೇಳೆಗೆ ಸರಿಯಾಗಿ ಔಷಧ ಸೇವಿಸಲಾರರೆಂಬ ಅಭಿಪ್ರಾಯವನ್ನು ಬಹಿರಂಗವಾಗಿಯೇ ಸೂಚಿಸಿದರು. ಐದು ವರ್ಷಗಳ ತರುವಾಯ, 2006ರಲ್ಲಿ, ಆಫ್ರಿಕ ಮತ್ತು ಉತ್ತರ ಅಮೆರಿಕ ಎರಡೂ ಖಂಡಗಳಲ್ಲಿ ನಡೆದ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು ಪ್ರಕಟವಾಯಿತು. ಅದರಂತೆ ಸಮರ್ಪಕವಾಗಿ ಔಷಧ ಸೇವಿಸಿದವರ ಪ್ರಮಾಣವು ಉತ್ತರ ಅಮೆರಿಕದಲ್ಲಿ ಶೇಕಡಾ 55 ಆಗಿದ್ದರೆ, ಸಹಾರಾದ ದಕ್ಷಿಣಕ್ಕಿರುವ ಆಫ್ರಿಕದಲ್ಲಿ ಶೇಕಡಾ 77 ಆಗಿತ್ತು. ಬಿಡಿ ಅಧ್ಯಯನಗಳ ಕ್ರಮಗಳು ಒಂದೇ ಆಗಿರಲಿಲ್ಲವೆಂಬುದನ್ನು ಒಪ್ಪಿಕೊಂಡರೂ, ಔಷಧವನ್ನು ನಿರಾಕರಿಸುವುದಕ್ಕೆ ಗಡಿಯಾರವನ್ನು ನೆಪಮಾಡಿಕೊಳ್ಳುವುದು ಅಲ್ಲಿಂದ ಮುಂದೆ ಸಾಧ್ಯವಾಗಲಿಲ್ಲ.

ನಮ್ಮ ದೇಶದಲ್ಲಿ ಸರಕಾರದ ಉಚಿತ ಎಆರ್‌ಟಿ ಚಿಕಿತ್ಸೆಯು 2004ರ ಏಪ್ರಿಲ್ 1ರಂದು ಎಂಟು ಆಸ್ಪತ್ರೆಗಳಲ್ಲಿ ಆರಂಭವಾಯಿತು. ಸೋಂಕು ಹೆಚ್ಚಾಗಿದ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿದ್ದುದರಿಂದ ಮೊದಲ ಹಂತದಲ್ಲಿಯೇ ನಮಗದು ದೊರೆಯಿತು. ಇಲ್ಲಿನ ಕೇಂದ್ರಗಳಲ್ಲಿ ನಿತ್ಯದ ಅಳತೆಯೆಂದರೆ ಗುಳಿಗೆಗಳ ಎಣಿಕೆ ಮತ್ತು ಆಪ್ತಸಮಾಲೋಚಕರ ಪ್ರಶ್ನೆ. ಗುರುತಿನವರು ಕಂಡಾರೆಂಬ ಅಂಜಿಕೆಯಿಂದ ತಮ್ಮೂರಿನ ಆಸ್ಪತ್ರೆಯನ್ನು ಬಿಟ್ಟು ದೂರದ ಜಿಲ್ಲೆಯ ಕೇಂದ್ರಕ್ಕೆ ಹೋಗುವವರೂ, ಡಬ್ಬಿಯ ಮೇಲಣ ಚೀಟಿಯನ್ನು ಕಿತ್ತುಹಾಕಿ ಗುಳಿಗೆಗಳನ್ನು ಬೇರೆ ಪೊಟ್ಟಣಕ್ಕೆ ಸುರಿದಿಡುವವರೂ ಇರುವ ಸಮಾಜದಲ್ಲಿ, ಎಣಿಕೆಗೆ ಡಬ್ಬಿಯನ್ನು ತರಬೇಕೆಂಬ ನಿಯಮವೇ ಒಂದು ಪರೀಕ್ಷೆಯಾಗುತ್ತದೆ.

ಮೊಬೈಲ್ ಫೋನು ಈ ಕಷ್ಟಕ್ಕೆ ಪರಿಹಾರವಾದೀತೆಂಬ ಆಸೆಯೂ ಪರೀಕ್ಷೆಗೊಳಗಾಯಿತು. ಕೀನ್ಯಾದ ಸೋಂಕಿತರಿಗೆ ವಾರಕ್ಕೊಮ್ಮೆ ಸ್ವಾಹಿಲಿಯಲ್ಲಿ ಕ್ಷೇಮವೇ ಎಂದಷ್ಟೇ ಕೇಳುವ ಕಿರುಸಂದೇಶವನ್ನು ಕಳುಹಿಸಿ, ತೊಂದರೆಯಿದೆ ಎಂದವರಿಗೆ ದಾದಿಯರು ಫೋನು ಮಾಡಿ ವಿಚಾರಿಸಿದುದರಿಂದ ಔಷಧಪಾಲನೆಯೂ ವೈರಾಣುವಿನ ನಿಯಂತ್ರಣವೂ ಉತ್ತಮಗೊಂಡುವೆಂದು 2010ರಲ್ಲಿ ವರದಿಯಾಯಿತು. ಆದರೆ ದಕ್ಷಿಣ ಭಾರತದಲ್ಲಿ 631 ಮಂದಿಯೊಡನೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವಾರದ ಧ್ವನಿಕರೆ ಮತ್ತು ಚಿತ್ರಸಂದೇಶಗಳಿಂದ ಗಮನಾರ್ಹ ವ್ಯತ್ಯಾಸವೇನೂ ಕಾಣಲಿಲ್ಲ. ಬೆಂಗಳೂರಿನ ಮೈಕ್ರೊಸಾಫ್ಟ್ ಸಂಶೋಧನಾಲಯದಲ್ಲಿ ರೂಪುಗೊಂಡ 99ಡಾಟ್ಸ್ ಎಂಬ ಏರ್ಪಾಟಿನಲ್ಲಿ, ಗುಳಿಗೆಯನ್ನು ತೆಗೆದಾಗ ಅದರ ಹಿಂದೆ ಅಡಗಿದ್ದ ದೂರವಾಣಿ ಸಂಖ್ಯೆ ಕಾಣಿಸಿಕೊಳ್ಳುತ್ತದೆ, ಅದಕ್ಕೆ ರೋಗಿ ಒಂದು ಮಿಸ್ಡ್ ಕಾಲ್ ಕೊಡಬೇಕು. ಕ್ಷಯ ಮತ್ತು ಎಚ್‌ಐವಿ ಎರಡೂ ಇರುವವರ ಕ್ಷಯದ ಚಿಕಿತ್ಸೆಗೆ ಅದನ್ನು ಬಳಸಿದುದುಂಟು. ಜಾಣತನದ ಈ ಉಪಾಯವೂ ಗುಳಿಗೆ ಹೊರಬಂದುದನ್ನು ತಿಳಿಸೀತೇ ಹೊರತು ಒಳಹೋದುದನ್ನಲ್ಲ.

ಎಲ್ಲದಕ್ಕೂ ಕೊನೆಯ ನ್ಯಾಯಾಧಿಪತಿಯೆಂದು ಭಾವಿಸಲಾಗುವ ವೈರಲ್ ಲೋಡ್ ಪರೀಕ್ಷೆಯನ್ನು 2018ರಿಂದ ನಮ್ಮ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಎಲ್ಲರಿಗೂ ಕ್ರಮವಾಗಿ ಮಾಡಲಾಗುತ್ತಿದೆ. ಒಂದು ಮಿಲಿಲೀಟರು ರಕ್ತದಲ್ಲಿ ವೈರಾಣುವಿನ ಸಾವಿರಕ್ಕೂ ಮಿಕ್ಕ ಪ್ರತಿಗಳು ಕಂಡುಬಂದರೆ ಚಿಕಿತ್ಸೆಯಲ್ಲಿ ಏನೋ ಕೊರತೆಯಿದೆಯೆಂದು ಅರ್ಥ. ಆದರೆ ಅದು ಅಳೆಯುವುದು ಫಲವನ್ನು, ಪಾಲನೆಯನ್ನಲ್ಲ. ತಪ್ಪದೆ ಗುಳಿಗೆ ನುಂಗುವವನಲ್ಲಿಯೂ ಔಷಧನಿರೋಧಿ ತಳಿಯಿದ್ದರೆ ಸಂಖ್ಯೆ ಏರಬಹುದು. 2020ರಿಂದ ಇಲ್ಲಿ ಬಳಕೆಗೆ ಬಂದ, ಡೊಲುಟೆಗ್ರಾವಿರ್ ಒಳಗೊಂಡ ದಿನಕ್ಕೊಂದೇ ಗುಳಿಗೆಯು ಹಳೆಯ ಔಷಧಗಳಿಗಿಂತ ಹೆಚ್ಚು ಕ್ಷಮಾಶೀಲವಾದುದರಿಂದ, ಆಗಾಗ ತಪ್ಪುವವನಲ್ಲಿಯೂ ಸಂಖ್ಯೆ ಕೆಳಗೇ ಉಳಿಯಬಹುದು. ಶೇಕಡಾ 95ರ ಗಡಿಯು ಹಳೆಯ ಔಷಧಗಳ ಕಾಲದ್ದು; ಆದರೂ ದಿನನಿತ್ಯದ ಸೇವನೆಯೇ ನಿಯಮವಾಗಿರತಕ್ಕದ್ದು, ಏಕೆಂದರೆ ಎಷ್ಟು ತಪ್ಪಿದರೆ ಯಾರಿಗೆ ಅಪಾಯವೆಂದು ಮುಂಗಂಡು ಹೇಳಬಲ್ಲವರಿಲ್ಲ.

ಹೀಗೆ ಪ್ರತಿಯೊಂದು ಅಳತೆಯೂ ನುಂಗುವ ಕ್ರಿಯೆಯ ಆಚೆಯೋ ಈಚೆಯೋ ನಿಲ್ಲುವುದರಿಂದ, ಎರಡು ಮೂರು ಅಳತೆಗಳನ್ನು ಕೂಡಿಸಿ ನೋಡುವುದೇ ವಿವೇಕವೆನಿಸಿದೆ. ಅವುಗಳಲ್ಲಿ ರೋಗಿಯ ಮಾತನ್ನು ಬಿಡುವಂತಿಲ್ಲ. ‘ಮಾತ್ರೆ ಸರಿಯಾಗಿ ತಗೋತಾ ಇದ್ದೀರಾ?’ ಎಂದು ಕೇಳಿದರೆ ಬರುವ ಉತ್ತರ ‘ಹೂಂ ಸಾರ್’ ಎಂಬುದೊಂದೇ. ‘ದಿನಾ ಮಾತ್ರೆ ನುಂಗೋದು ಯಾರಿಗಾದರೂ ಕಷ್ಟಾನೇ ಅಮ್ಮ, ಹೋದ ವಾರ ಎಷ್ಟು ಸಲ ತಪ್ಪಿಹೋಯ್ತು?’ ಎಂದು ಕೇಳುವ ಸಮಾಲೋಚಕಿಗೆ ಬೇರೆಯೇ ಸಂಗತಿಗಳು ತಿಳಿದುಬರುತ್ತವೆ: ಅತ್ತೆಮನೆಯಲ್ಲಿ ಡಬ್ಬಿ ತೆಗೆಯಲು ಏಕಾಂತವಿರಲಿಲ್ಲ, ಕೂಲಿ ಬಿಟ್ಟು ಬರಲು ಆಗಲಿಲ್ಲ, ಬಸ್ಸಿನ ದುಡ್ಡು ಹೊಂದಲಿಲ್ಲ, ಮನಸ್ಸು ಕುಗ್ಗಿ ಬದುಕೇ ಬೇಡವೆನಿಸಿತ್ತು. ಪಾಲನೆಯ ಶೇಕಡಾವಾರು ಅಂಕವನ್ನು ರೋಗಿಯ ಹೆಸರಿನ ಮುಂದೆ ಬರೆಯುವುದು ವಾಡಿಕೆ. ಆದರೆ ಅದರಲ್ಲಿ ಒಂದು ಪಾಲು ಕೇಂದ್ರವು ತೆರೆದಿರುವ ವೇಳೆಗೆ, ದಾರಿಯ ದೂರಕ್ಕೆ, ದಾಸ್ತಾನಿನ ಕೊರತೆಗೆ, ನೆರೆಹೊರೆಯವರ ನಾಲಗೆಗೆ ಸೇರತಕ್ಕದ್ದು. ಅಂಕವು ಇಳಿದಾಗ ಈ ಪಾಲುಗಳನ್ನೂ ವಿಚಾರಿಸಿ ಬರೆದಿಡುವ ಕೇಂದ್ರದಲ್ಲಿ ಮಾತ್ರ ಗುಳಿಗೆಗಳು ಎಣಿಕೆಗೆ ಪ್ರಾಮಾಣಿಕವಾಗಿ ಮರಳಿ ಬಂದಾವು.