ಮಗಳ ಮೊದಲ ಕಾರು: ಅಗ್ಗದ್ದು ಯಾವುದು, ದುಬಾರಿ ಯಾವುದು?

ಆ ರಾತ್ರಿ ನಮ್ಮ ಅಂಗಳದಲ್ಲಿ ಕಾರು ನಿಂತಿತ್ತು. ಓಡಿಸುವವರು ಮಾತ್ರ ಮನೆಯಲ್ಲಿರಲಿಲ್ಲ.

ಮಳೆಗಾಲದ ನಡುರಾತ್ರಿ. ಅತ್ತೆಗೆ ಉಸಿರಾಟದ ತೊಂದರೆ ಜೋರಾಯಿತು. ಪತಿ ದಮ್ಮಾಮಿನಲ್ಲಿದ್ದರು. ಮಗ ಆಗಿನ್ನೂ ಎಂಟನೆಯ ತರಗತಿ. ಪತಿ ರಜೆಯಲ್ಲಿ ಬಂದಾಗ ಮಾತ್ರ ಓಡುತ್ತಿದ್ದ ಕಾರು ಟರ್ಪಾಲಿನ ಅಡಿಯಲ್ಲಿತ್ತು. ನಾನು ಮತ್ತು ಮಗಳು ಪರಿಚಯದ ರಿಕ್ಷಾದವರಿಗೆಲ್ಲ ಫೋನ್ ಮಾಡಿದೆವು. ಮುಕ್ಕಾಲು ಗಂಟೆಯ ನಂತರ ಒಂದು ರಿಕ್ಷಾ ಬಂತು. ಅಲ್ಲಾಹನ ಕೃಪೆಯಿಂದ ಅತ್ತೆ ಚೇತರಿಸಿಕೊಂಡರು. ಆದರೆ ಬೆಳಗಿನ ಜಾವ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಮಗಳು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು: "ಉಮ್ಮ, ಹದಿನೆಂಟು ತುಂಬಿದ ಕೂಡಲೇ ನಾನು ಡ್ರೈವಿಂಗ್ ಕಲಿಯುತ್ತೇನೆ."

ಇದು ನಮ್ಮೊಬ್ಬರ ಮನೆಯ ಕತೆಯಲ್ಲ. ಗಂಡಸರು ಕೊಲ್ಲಿ ರಾಷ್ಟ್ರಗಳಲ್ಲಿರುವ ಕರಾವಳಿಯ ಎಷ್ಟೋ ಮನೆಗಳಲ್ಲಿ ಹೀಗೆಯೇ ಇದೆ. ಪತಿ ದುಡಿಯುತ್ತಿರುವ ಸೌದಿ ಅರೇಬಿಯಾದಲ್ಲೇ 2018ರ ಜೂನ್ 24ರಿಂದ ಮಹಿಳೆಯರು ಕಾರು ಓಡಿಸುತ್ತಿದ್ದಾರೆ. ನಮ್ಮ ದೇಶದಲ್ಲಂತೂ ಮಹಿಳೆಯರಿಗೆ ಯಾವ ಅಡ್ಡಿಯೂ ಇರಲಿಲ್ಲ. ಅಡ್ಡಿಯಿದ್ದದ್ದು ನಮ್ಮ ಹಿಂಜರಿಕೆಯಲ್ಲಿ.

ಈಗ ಮಗಳು ಶಾಲೆಯೊಂದರಲ್ಲಿ ಅಧ್ಯಾಪಕಿ. ಮನೆಯಿಂದ ಶಾಲೆಗೆ 20 ಕಿಲೋಮೀಟರಿಗೂ ಹೆಚ್ಚು ದೂರ, ಎರಡು ಬಸ್ಸು ಬದಲಾಯಿಸಬೇಕು. ಅವಳ ಸಂಬಳದ ಉಳಿತಾಯಕ್ಕೆ ತಂದೆ ಸ್ವಲ್ಪ ಸೇರಿಸಿದಾಗ ಕೈಯಲ್ಲಿ 3 ಲಕ್ಷ ರೂಪಾಯಿಯಾಯಿತು. ಬ್ಯಾಂಕಿನ ಬಡ್ಡಿ ಸಾಲ ಬೇಡವೆಂದು ಮೊದಲೇ ತೀರ್ಮಾನಿಸಿದ್ದೆವು. ಹಾಗಾಗಿ ಹೊಸ ಕಾರಿನ ಮಾತೇ ಇರಲಿಲ್ಲ. ಹಳೆಯ ಕಾರು ಹುಡುಕಲು ಹೊರಟ ಆ ಎರಡು ತಿಂಗಳಲ್ಲಿ ನಾವು ಕಲಿತದ್ದನ್ನು ಸಹೋದರಿಯರೊಂದಿಗೆ ಹಂಚಿಕೊಳ್ಳಬೇಕೆನಿಸಿತು.

ಮೊದಲು ಲೈಸೆನ್ಸ್, ನಂತರ ಕಾರು

ಕಾರು ಕೊಂಡ ಮೇಲೆ ಕಲಿಯೋಣ ಎನ್ನುವವರು ಬಹಳ ಮಂದಿ. ಇದು ತಪ್ಪು. ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಕಲಿಸುವವರ ಕಾಲ ಬಳಿಯೂ ಬ್ರೇಕು ಇರುತ್ತದೆ. ನಮ್ಮ ಕಾರಿನಲ್ಲಿ ಅದಿಲ್ಲ. ಕ್ಲಚ್ ಹೆಚ್ಚು ಸವೆಯುವುದೂ ಕಲಿಯುವ ದಿನಗಳಲ್ಲಿಯೇ. ಆ ಸವೆತ ನಿಮ್ಮ ಕಾರಿಗೆ ಯಾಕೆ?

ಎಲ್‌ಎಲ್‌ಆರ್ ಎಂದು ಎಲ್ಲರೂ ಕರೆಯುವ ಕಲಿಕಾ ಲೈಸೆನ್ಸಿಗೆ 18 ವರ್ಷ ತುಂಬಿರಬೇಕು. ಅದರ ಅವಧಿ 6 ತಿಂಗಳು. ಅದು ಸಿಕ್ಕಿದ 30 ದಿನಗಳ ನಂತರ ಪಕ್ಕಾ ಲೈಸೆನ್ಸಿನ ಪರೀಕ್ಷೆಗೆ ಹೋಗಬಹುದು. ಈ ಅವಧಿಯಲ್ಲಿ ಕಾರಿನ ಹಿಂದೆ ಮುಂದೆ ಬಿಳಿ ಹಲಗೆಯ ಮೇಲೆ ಕೆಂಪು 'ಎಲ್' ಅಕ್ಷರ ಇರಲೇಬೇಕು. ಪಕ್ಕದಲ್ಲಿ ಲೈಸೆನ್ಸ್ ಇರುವವರು ಕುಳಿತಿರಲೇಬೇಕು. "ಮನೆಯ ಹತ್ತಿರ ತಾನೇ" ಎಂದು ಒಬ್ಬಳೇ ಓಡಿಸಿ ಅಪಘಾತವಾದರೆ ವಿಮಾ ಕಂಪೆನಿ ಪರಿಹಾರ ನಿರಾಕರಿಸಲು ಅದೊಂದೇ ಕಾರಣ ಸಾಕಾಗಬಹುದು.

ಬುರ್ಖಾ ಧರಿಸುವವರು ಅದರ ಅಂಚು ಪೆಡಲಿಗೆ ಸಿಕ್ಕದಷ್ಟು ಎತ್ತರದಲ್ಲಿರುವಂತೆ ನೋಡಿಕೊಳ್ಳಬೇಕು. ಹಿಮ್ಮಡಿ ಎತ್ತರದ ಚಪ್ಪಲಿ ಬೇಡ. ಎರಡೂ ಬದಿಯ ಕನ್ನಡಿಗಳು ತಡೆಯಿಲ್ಲದೆ ಕಾಣುತ್ತಿರಬೇಕು. ಇವು ಸಣ್ಣ ವಿಷಯಗಳಾದರೂ ಮೊದಲ ದಿನದಿಂದಲೇ ರೂಢಿಯಾಗಬೇಕು.

ಎಷ್ಟು ಹಣ, ಎಂಥ ಕಾರು?

ಮಗನಿಗೆ ದೊಡ್ಡ ಕಾರು ಬೇಕಿತ್ತು. "ಇದೇ ಹಣಕ್ಕೆ ಹತ್ತು ವರ್ಷ ಹಳೆಯ ಡಿಕ್ಕಿ ಕಾರು ಬರುತ್ತದೆ, ಉಮ್ಮ. ಪುಟ್ಟ ಕಾರು ಯಾಕೆ?" ಎಂದು ಅವನ ವಾದ. ಬರುತ್ತದೆ ನಿಜ. ಆದರೆ ದೊಡ್ಡ ಕಾರು ಹಳತಾದಾಗ ಅದರ ಬೆಲೆ ಇಳಿಯುತ್ತದೆಯೇ ಹೊರತು ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಟಯರು, ಸಸ್ಪೆನ್ಶನ್, ಪೆಟ್ರೋಲ್ ಎಲ್ಲವೂ ದೊಡ್ಡ ಕಾರಿನ ಲೆಕ್ಕದಲ್ಲಿಯೇ ಖರ್ಚಾಗುತ್ತವೆ.

ಕಲಿಯುವವರಿಗೆ ಚಿಕ್ಕ ಕಾರೇ ಒಳ್ಳೆಯದು. ನಮ್ಮ ಊರಿನ ಓಣಿಗಳಲ್ಲಿ ತಿರುಗಿಸಲು, ಮನೆಯ ಗೇಟಿನೊಳಗೆ ಹಿಂದಕ್ಕೆ ತರಲು ಸುಲಭ. 1983ರಲ್ಲಿ ಬಂದ ಮಾರುತಿ 800 ಮೂರು ದಶಕಗಳ ಕಾಲ ಭಾರತದ ಮಧ್ಯಮ ವರ್ಗಕ್ಕೆ ಡ್ರೈವಿಂಗ್ ಕಲಿಸಿತು. 2014ರಲ್ಲಿ ಅದರ ತಯಾರಿ ನಿಂತಿತು. ಅದರ ಜಾಗಕ್ಕೆ ಆಲ್ಟೋ, ವ್ಯಾಗನ್ ಆರ್, ಸ್ಯಾಂಟ್ರೋದಂಥ ಕಾರುಗಳು ಬಂದವು. ಇಂಥ ಕಾರುಗಳನ್ನು ಯಾವ ಊರಿನ ಮೆಕ್ಯಾನಿಕ್ಕಾದರೂ ಬಲ್ಲ. ಮೊದಲ ಕಾರು ಆರಿಸುವಾಗ ಇದೇ ದೊಡ್ಡ ಗುಣ.

ಇನ್ನು ಹಣದ ಲೆಕ್ಕ. ಕೈಯಲ್ಲಿ 3 ಲಕ್ಷ ಇದ್ದರೆ 3 ಲಕ್ಷದ ಕಾರು ನೋಡಬೇಡಿ. ಐದರಲ್ಲಿ ಒಂದು ಪಾಲನ್ನು ತೆಗೆದಿಡಿ. ಹೆಸರು ಬದಲಾವಣೆ, ವಿಮೆ, ಟಯರು, ಬ್ಯಾಟರಿ, ಮೊದಲ ಸರ್ವಿಸ್, ಕಲಿಯುವಾಗ ಗೋಡೆಗೆ ತಾಗಿಸಿದ ಗೀರು ಇವೆಲ್ಲ ಆ ಪಾಲಿನಿಂದಲೇ ಹೋಗಬೇಕು. ಇದ್ದ ಹಣವನ್ನೆಲ್ಲ ಕಾರಿಗೆ ಸುರಿದವರು ಸವೆದ ಟಯರಿನಲ್ಲಿಯೇ ಒಂದು ಮಳೆಗಾಲ ಓಡಿಸುತ್ತಾರೆ.

ಸುರಕ್ಷತೆಗೆ ಒಂದು ದಿನಾಂಕ

ಕಡಿಮೆ ಬೆಲೆಯೆಂದು ತೀರಾ ಹಳೆಯದಕ್ಕೆ ಕೈಹಾಕುವ ಮುನ್ನ ಒಂದು ವಿಷಯ ತಿಳಿದಿರಲಿ. ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ 2014ರಲ್ಲಿ ಭಾರತದ ಐದು ಜನಪ್ರಿಯ ಸಣ್ಣ ಕಾರುಗಳ ಏರ್‌ಬ್ಯಾಗ್ ಇಲ್ಲದ ಮಾದರಿಗಳನ್ನು ಡಿಕ್ಕಿ ಹೊಡೆಸಿ ಪರೀಕ್ಷಿಸಿತು. ದೊಡ್ಡವರ ರಕ್ಷಣೆಯಲ್ಲಿ ಐದಕ್ಕೂ ಸಿಕ್ಕಿದ್ದು ಸೊನ್ನೆ ನಕ್ಷತ್ರ.

ನಂತರ ಕಾನೂನು ಬಿಗಿಯಾಯಿತು. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಎಬಿಎಸ್ ಬ್ರೇಕ್ ಕಡ್ಡಾಯವಾಯಿತು. ಜೋರಾಗಿ ಬ್ರೇಕು ಒತ್ತಿದಾಗ ಚಕ್ರ ಬಿಗಿದುಕೊಂಡು ಕಾರು ಜಾರದಂತೆ ಅದು ತಡೆಯುತ್ತದೆ. 2019ರ ಜುಲೈ 1ರಿಂದ ಚಾಲಕರ ಏರ್‌ಬ್ಯಾಗ್, ಸೀಟ್ ಬೆಲ್ಟ್ ನೆನಪಿಸುವ ಸದ್ದು, ಹಿಂದಕ್ಕೆ ತೆಗೆಯುವಾಗ ಎಚ್ಚರಿಸುವ ಸೆನ್ಸರ್ ಕಡ್ಡಾಯವಾದವು. ಆದ್ದರಿಂದ ಸಾಧ್ಯವಾದರೆ ಈ ದಿನಾಂಕದ ನಂತರ ತಯಾರಾದ ಕಾರನ್ನೇ ಹುಡುಕಿ. ಅದಕ್ಕಾಗಿ ಬೇಕಾದರೆ ಆರು ತಿಂಗಳು ಹೆಚ್ಚು ಉಳಿತಾಯ ಮಾಡಿ. ಬಣ್ಣ, ಸ್ಟೀರಿಯೋ, ಅಲಾಯ್ ಚಕ್ರಗಳ ವಿಷಯದಲ್ಲಿ ರಾಜಿ ಮಾಡಿಕೊಳ್ಳಬಹುದು, ಬ್ರೇಕಿನ ವಿಷಯದಲ್ಲಿ ಆಗದು.

ಹೊಳೆಯುವ ಕೆಂಪು ಕಾರು

ಹಳೆಯ ಕಾರು ಮಾರುವ ಒಂದು ಕಡೆ ಮಗಳಿಗೆ ಕೆಂಪು ಕಾರೊಂದು ಬಹಳ ಹಿಡಿಸಿತು. 2017ರ ಮಾದರಿ, ಕನ್ನಡಿಯಂತೆ ಹೊಳೆಯುತ್ತಿತ್ತು. ಓಡಿದ್ದು 28 ಸಾವಿರ ಕಿಲೋಮೀಟರ್ ಎಂದು ಮೀಟರ್ ಹೇಳುತ್ತಿತ್ತು. ಬೆಲೆಯೂ ಕಡಿಮೆ. "ಇವತ್ತೇ ಮುಂಗಡ ಕೊಡಿ, ಸಂಜೆ ಇನ್ನೊಬ್ಬರು ಬರುತ್ತಿದ್ದಾರೆ" ಎಂದು ಮಾರುವವರ ಅವಸರ.

ನಾವು ಪರಿಚಯದ ಮೆಕ್ಯಾನಿಕ್ಕೊಬ್ಬರನ್ನು ಜತೆಗೆ ಕರೆದುಕೊಂಡು ಹೋಗಿದ್ದೆವು. ಅವರು ಇಂಜಿನನ್ನು ನೋಡಲೇ ಇಲ್ಲ. ಹಿಂದಿನ ಸೀಟ್ ಬೆಲ್ಟನ್ನು ಪೂರ್ತಿ ಎಳೆದರು. ಕೊನೆಯ ಒಂದು ಗೇಣು ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿದರೆ ಅಡಿಯಲ್ಲಿ ನುಣ್ಣನೆಯ ಕೆಸರು ಒಣಗಿ ಕುಳಿತಿತ್ತು. "ಅಕ್ಕ, ಇದು ನೆರೆ ನೀರಿನಲ್ಲಿ ಮುಳುಗಿ ಎದ್ದ ಗಾಡಿ. ವಯರಿಂಗ್ ಇವತ್ತಲ್ಲದಿದ್ದರೆ ನಾಳೆ ಕೈಕೊಡುತ್ತದೆ" ಎಂದರು. 2018ರ ಆಗಸ್ಟ್‌ನಲ್ಲಿ ಕೇರಳ, ಕೊಡಗಿನಲ್ಲಿ ಬಂದ ನೆರೆ ನೆನಪಾಯಿತು. ಇದು ಎಲ್ಲಿ ಮುಳುಗಿತ್ತೋ ಗೊತ್ತಿಲ್ಲ. ನಾವು ಹಿಂದಿರುಗಿದೆವು. ಮಗಳು ದಾರಿಯುದ್ದಕ್ಕೂ ಮಾತನಾಡಲಿಲ್ಲ.

ಮೆಕ್ಯಾನಿಕ್ ಅಂದು ಹೇಳಿಕೊಟ್ಟ ಪರೀಕ್ಷೆಗಳು ಇವು:

ಕಾರು ನೋಡಲು ಬೆಳಿಗ್ಗೆ ಹೋಗಿ, ಇಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಯಾಕೆಂದು ಕೇಳಿ. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ದಟ್ಟವಾದ ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್ ಒಳಹೋಗುತ್ತಿರಬಹುದು.

ಪೆಡಲಿನ ರಬ್ಬರ್, ಸ್ಟೀರಿಂಗ್, ಚಾಲಕರ ಸೀಟು ನೋಡಿ. ಇವು ಬಹಳ ಸವೆದಿದ್ದು ಮೀಟರ್ ಮಾತ್ರ ಕಡಿಮೆ ತೋರಿಸುತ್ತಿದ್ದರೆ ಮೀಟರನ್ನು ನಂಬಬೇಡಿ. ಸರ್ವಿಸ್ ಪುಸ್ತಕ ಕೇಳಿ.

ಟಯರಿನ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ.

ಕರಾವಳಿಯ ಉಪ್ಪು ಗಾಳಿಗೆ ತುಕ್ಕು ಬೇಗ ಹಿಡಿಯುತ್ತದೆ. ಬಾಗಿಲುಗಳ ಕೆಳ ಅಂಚು, ನೆಲದ ಮ್ಯಾಟಿನ ಅಡಿ, ಚಕ್ರದ ಮೇಲಿನ ಕಮಾನು ಇವನ್ನು ಮುಟ್ಟಿ ನೋಡಿ.

ಕೊನೆಗೆ ಓಡಿಸಿ ನೋಡಿ. ಸಮತಟ್ಟು ರಸ್ತೆಯಲ್ಲಿ ಸ್ಟೀರಿಂಗನ್ನು ಸಡಿಲವಾಗಿ ಹಿಡಿದಾಗ, ಬ್ರೇಕು ಹಾಕಿದಾಗ ಕಾರು ಒಂದು ಬದಿಗೆ ಎಳೆಯಬಾರದು.

ಯಾರ ಹೆಸರಿನಲ್ಲಿ?

ಕೊನೆಗೆ ನಿವೃತ್ತ ಅಧ್ಯಾಪಕರೊಬ್ಬರ ಬೂದು ಬಣ್ಣದ ಪುಟ್ಟ ಕಾರು ಸಿಕ್ಕಿತು. 2019ರ ಕೊನೆಯಲ್ಲಿ ತಯಾರಾದದ್ದು. ಬಂಪರಿನಲ್ಲಿ ಎರಡು ಗೀರು, ಆದರೆ ಪ್ರತಿ ಸರ್ವಿಸಿನ ಬಿಲ್ಲೂ ಇತ್ತು. ಗೀರುಗಳನ್ನು ಅವರೇ ತೋರಿಸಿದರು. 2 ಲಕ್ಷ 40 ಸಾವಿರಕ್ಕೆ ಮಾತು ಮುಗಿಯಿತು.

ಆಗ ನನ್ನ ಮೈದುನ ಹೇಳಿದರು, "ಅತ್ತಿಗೆ, ಆರ್‌ಸಿ ಹುಡುಗನ ಹೆಸರಿನಲ್ಲಿರಲಿ. ಅವಳು ನಾಳೆ ಮದುವೆಯಾಗಿ ಹೋಗುವವಳು." ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಮಗಳ ಮುಖ ಬಾಡಿತು. ರಾತ್ರಿ ಪತಿಗೆ ಫೋನಿನಲ್ಲಿ ತಿಳಿಸಿದೆ. ಅವರು ಹೇಳಿದ್ದು ಇಷ್ಟೇ: "ದುಡಿದವಳು ಅವಳು, ಓಡಿಸುವವಳೂ ಅವಳೇ. ಇನ್ನು ಹೆಸರು ಯಾರದ್ದಿರಬೇಕು?"

ಇದು ಬರೀ ಅಭಿಮಾನದ ಪ್ರಶ್ನೆಯಲ್ಲ. ಕಾರು ಅಪಘಾತಕ್ಕೀಡಾದರೆ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರುವವರದ್ದೇ ಎಂದು ಸುಪ್ರೀಂ ಕೋರ್ಟ್ 2018ರ ಒಂದು ತೀರ್ಪಿನಲ್ಲಿ ಹೇಳಿದೆ. ಮಾರುವವರೂ ಕೊಳ್ಳುವವರೂ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿ ಆರ್‌ಟಿಓಗೆ ತಲುಪಿಸಿ ಹೆಸರು ಬದಲಾಯಿಸಿಕೊಳ್ಳಬೇಕು. ಆರ್‌ಸಿಯಲ್ಲಿ ಬ್ಯಾಂಕಿನ ಸಾಲ ನಮೂದಾಗಿದ್ದರೆ ಸಾಲ ತೀರಿದ ಪತ್ರ ಮತ್ತು ಫಾರಂ 35 ಸಿಗದೆ ಹಣ ಕೊಡಬೇಡಿ. ಆರ್‌ಸಿಯಲ್ಲಿರುವ ಚಾಸಿ ಮತ್ತು ಇಂಜಿನ್ ನಂಬರುಗಳು ಕಾರಿನಲ್ಲಿರುವುದಕ್ಕೆ ಹೊಂದುತ್ತವೆಯೇ ನೋಡಿ. ದಂಡ ಬಾಕಿಯಿದೆಯೇ ಎಂದೂ ವಿಚಾರಿಸಿ.

ಗಡಿಯ ಆಚೆ ಕಾಸರಗೋಡಿನಲ್ಲಿ ಅಗ್ಗಕ್ಕೆ ಸಿಗುತ್ತದೆಂದು ಹೋಗುವವರು ಒಂದು ಲೆಕ್ಕ ಹಾಕಬೇಕು. ಬೇರೆ ರಾಜ್ಯದ ಕಾರಿಗೆ ಅಲ್ಲಿನ ಆರ್‌ಟಿಓದ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿ ಕರ್ನಾಟಕದ ತೆರಿಗೆ ಕಟ್ಟಬೇಕು. ಉಳಿದ ಹಣ ಅಲ್ಲಿಯೇ ಮುಗಿಯಬಹುದು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮಾತ್ರ. ನಂತರ ತಪಾಸಣೆ ಮಾಡಿಸಿ, ಶುಲ್ಕ ಕಟ್ಟಿ ನವೀಕರಿಸಬೇಕು. 14 ವರ್ಷದ ಕಾರು ಅಗ್ಗಕ್ಕೆ ಸಿಗುವುದಕ್ಕೆ ಇದೂ ಒಂದು ಕಾರಣ.

ವಿಮೆಯನ್ನೂ ಕೂಡಲೇ ನಿಮ್ಮ ಹೆಸರಿಗೆ ಬದಲಾಯಿಸಿ. ಹಳೆಯ ಮಾಲಿಕರಿಗೆ ಸಿಗುತ್ತಿದ್ದ ನೋ ಕ್ಲೇಮ್ ರಿಯಾಯಿತಿ ಅವರದ್ದು, ಕಾರಿನದ್ದಲ್ಲ. ಅದು ನಿಮಗೆ ಬರುವುದಿಲ್ಲ. ಇತರರಿಗಾದ ಹಾನಿಯ ವಿಮೆ ಕಾನೂನಿನಂತೆ ಕಡ್ಡಾಯ. ಹೊಸದಾಗಿ ಓಡಿಸುವವರು ಸ್ವಂತ ಕಾರಿನ ಹಾನಿಯ ವಿಮೆಯನ್ನೂ ಮಾಡಿಸಿಕೊಳ್ಳುವುದು ಒಳ್ಳೆಯದು.

ಹೆಸರು ಬದಲಾವಣೆ, ವಿಮೆ, ಎರಡು ಹೊಸ ಟಯರು, ಒಂದು ಬ್ಯಾಟರಿ ಎಲ್ಲ ಸೇರಿಯೂ ನಮ್ಮ ಲೆಕ್ಕ 3 ಲಕ್ಷದೊಳಗೆ ನಿಂತಿತು. ಕೊಳ್ಳುವ ದಿನ ಕಡಿಮೆ ಹಣ ಕೇಳುವ ಕಾರು ಅಗ್ಗವಲ್ಲ. ಕೊಂಡ ನಂತರ ಕಾಡದ ಕಾರೇ ಅಗ್ಗ.

ಕಳೆದ ತಿಂಗಳು ಅತ್ತೆಗೆ ಮತ್ತೆ ಉಸಿರು ಕಟ್ಟಿದಂತಾಯಿತು. ರಾತ್ರಿ ಹನ್ನೊಂದೂವರೆ. ಮಗಳು ಕೀ ತೆಗೆದುಕೊಂಡು ಅಂಗಳಕ್ಕಿಳಿದಳು. ಹದಿನೈದು ನಿಮಿಷದಲ್ಲಿ ನಾವು ಆಸ್ಪತ್ರೆಯಲ್ಲಿದ್ದೆವು. ಬರುವಾಗ ಅತ್ತೆ ಹಿಂದಿನ ಸೀಟಿನಲ್ಲಿ ಕುಳಿತು ಮೊಮ್ಮಗಳಿಗೆ ದುಆ ಮಾಡುತ್ತಲೇ ಇದ್ದರು, ನಡುನಡುವೆ "ಮೆಲ್ಲಗೆ ಹೋಗು ಮಗಳೇ" ಎನ್ನುತ್ತಲೂ ಇದ್ದರು.

ನಿಮ್ಮ ಅಂಗಳದಲ್ಲೂ ಟರ್ಪಾಲಿನಡಿ ಒಂದು ಕಾರು ನಿಂತಿರಬಹುದು. ನಿಮ್ಮ ಮಗಳೂ ಕಲಿಯುತ್ತೇನೆಂದು ಕೇಳುತ್ತಿರಬಹುದು. ಇನ್ನೊಂದು ಮಳೆಗಾಲದವರೆಗೆ ಕಾಯದೆ ಅವಳನ್ನು ಕಲಿಯಲು ಕಳುಹಿಸಿ. ಸಾಧ್ಯವಾದರೆ ನೀವೂ ಜತೆಗೆ ಸೇರಿಕೊಳ್ಳಿ. ಮುಂದಿನ ತಿಂಗಳು ನಾನೂ ಎಲ್‌ಎಲ್‌ಆರ್ ಪರೀಕ್ಷೆಗೆ ಹೋಗುತ್ತಿದ್ದೇನೆ.