ಕೇಳುವುದೂ ಓದೇ
ಅತ್ಲೋನ್‌ನಿಂದ ಡಬ್ಲಿನ್‌ಗೆ ಕಾರಿನಲ್ಲಿ ಸುಮಾರು ಒಂದೂವರೆ ಗಂಟೆ. ನಮ್ಮ ಪಾಲಿಗೆ ಅದೇ ಕನ್ನಡ ಶಾಲೆ. ಈಗ ಕೇಳುತ್ತಿರುವುದು ಅತ್ತಿಮಬ್ಬೆಯ ಕಾಲದ ಕಾದಂಬರಿಯೊಂದರ ಆಡಿಯೋಬುಕ್. ಅಚ್ಚಿನ ಮಾತೇ ಇಲ್ಲದ 10ನೇ ಶತಮಾನದಲ್ಲಿ ಆಕೆ ಪೊನ್ನನ ‘ಶಾಂತಿಪುರಾಣ’ವನ್ನು 1000 ಪ್ರತಿ ಬರೆಸಿ ಹಂಚಿದವಳು.

“ಎಲ್ಲಾ ಕೈಯಲ್ಲೇ ಬರೆದ್ರಾ ಅಮ್ಮ?” ಹಿಂದಿನ ಸೀಟಿನಿಂದ ಒಂಬತ್ತು ವರ್ಷದ ಮಗ ಕೇಳಿದ. ಅದೂ ಕನ್ನಡದಲ್ಲಿ! ನಾವು ಏನೇ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗ ಅವನು.

ಅವನಿಗೆ ಅಕ್ಷರ ಇನ್ನೂ ಕೂಡಿಸಿ ಓದಲು ಬರದು. ಬರದಿದ್ದರೇನು? ಓದು ಬಾರದೆಯೂ ಗಮಕಿಗಳ ಬಾಯಲ್ಲಿ ಕುಮಾರವ್ಯಾಸನನ್ನು ಕೇಳಿ ಬಲ್ಲವರು ನಮ್ಮ ಹಳ್ಳಿಗಳಲ್ಲಿ ಬೇಕಾದಷ್ಟಿದ್ದರು.

ಒಂದು ಕಿವಿಮಾತು: ಪದಪದಕ್ಕೂ ನಿಲ್ಲಿಸಿ ಅರ್ಥ ಹೇಳಬೇಡಿ. ಹದಿನೈದು ನಿಮಿಷ ಕಥೆ ಓಡಲಿ, ಆಮೇಲೆ ‘ಮುಂದೇನಾಗಬಹುದು?’ ಎಂದಷ್ಟೇ ಕೇಳಿ. ತಾಳೆಗರಿ ಎಂದರೇನೆಂದು ಅವರೇ ವಿಚಾರಿಸುತ್ತಾರೆ.