ಮನಸ್ಸಿನ ಲೆಕ್ಕ: ಚಿತ್ರದಲ್ಲಿ, ಕಥೆಯಲ್ಲಿ

ಮನಃಶಾಸ್ತ್ರಕ್ಕೂ ಕಲ್ಕತ್ತೆಗೂ ಇರುವ ನಂಟು ಹಳೆಯದು. ಇಲ್ಲಿನ ವಿಶ್ವವಿದ್ಯಾಲಯದಲ್ಲಿ 1916ರಷ್ಟು ಹಿಂದೆಯೇ ಈ ಶಾಸ್ತ್ರಕ್ಕೆ ಪ್ರತ್ಯೇಕ ವಿಭಾಗ ತೆರೆಯಿತು. 1922ರಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘವನ್ನು ಸ್ಥಾಪಿಸಿದ ಡಾ. ಗಿರೀಂದ್ರಶೇಖರ ಬೋಸರು ವಿದ್ವತ್ಪ್ರಬಂಧಗಳ ಜೊತೆಗೆ ಮಕ್ಕಳಿಗಾಗಿ ಬಂಗಾಳಿಯಲ್ಲಿ ಇರುವೆಗಳ ಕಥೆಯನ್ನೂ ಬರೆದರು. ಇದೇ ನಗರದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಮಹಲನೋಬಿಸರು ಜನಸಮುದಾಯಗಳನ್ನು ರೇಖಾಚಿತ್ರಗಳಿಂದ ಹೋಲಿಸುವ ವಿಧಾನವೊಂದನ್ನು ರೂಪಿಸಿದರು. ಸಂಶೋಧಕರ ಅಂಕಿ-ಅಂಶಗಳು ಗೃಹಸ್ಥರ ಪಡಸಾಲೆಯನ್ನು ತಲುಪುವುದು ಈ ಎರಡು ದಾರಿಗಳಿಂದಲೇ: ಕಥೆ ಮತ್ತು ರೇಖೆ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ಪಶ್ಚಿಮ ಬಂಗಾಳವೂ ಸೇರಿದಂತೆ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಡೆಸಿತು. ಅದರಂತೆ ಮನೋವ್ಯಾಧಿಯ ಪ್ರಮಾಣ ಗ್ರಾಮಗಳಲ್ಲಿ ಶೇ. 9.57, ಮಹಾನಗರಗಳಲ್ಲಿ ಶೇ. 14.71. (ಇದು ಮಹಾನಗರಗಳ ಒಟ್ಟು ಲೆಕ್ಕ, ಕಲ್ಕತ್ತೆಯೊಂದರದೇ ಅಲ್ಲ.)

ಇದನ್ನು ಎರಡು ಕಂಬಗಳಾಗಿ ಬರೆಯುವವನು ಬುಡವನ್ನು ಸೊನ್ನೆಯ ಬದಲು 9ರಿಂದ ಆರಂಭಿಸಿದನೆನ್ನಿ. ಆಗ ನಗರದ ಕಂಬ ಹಳ್ಳಿಯ ಕಂಬಕ್ಕಿಂತ ಹತ್ತು ಪಟ್ಟು ಎತ್ತರವಾಗಿ ತೋರುತ್ತದೆ! ಅಂಕಿ ಒಂದೂ ಸುಳ್ಳಲ್ಲ, ಆದರೆ ಚಿತ್ರ ಸುಳ್ಳು. ನಿಜವಾದ ಅಂತರ ಒಂದೂವರೆ ಪಟ್ಟು ಮಾತ್ರ. ಇದಕ್ಕಿಂತ ಇಪ್ಪತ್ತು ಕುರ್ಚಿಗಳ ಸಾಲೊಂದನ್ನು ಬರೆದು, ಹಳ್ಳಿಗೆ ಎರಡಕ್ಕೂ ನಗರಕ್ಕೆ ಮೂರಕ್ಕೂ ಬಣ್ಣ ಹಚ್ಚುವುದು ಲೇಸು. ರಾಜ್ಯೋತ್ಸವದ ಸಭೆಯಲ್ಲಿ ಕುಳಿತವರಿಗೆ ಅದು ಥಟ್ಟನೆ ತಿಳಿಯುತ್ತದೆ.

ಆ ಕುರ್ಚಿಯಲ್ಲಿ ಯಾರಿದ್ದಾರೆಂಬುದನ್ನು ಹೇಳಬೇಕಾದದ್ದು ಕಥೆ. ರಾಸಬಿಹಾರಿ ಅವೆನ್ಯೂ ಬಳಿ ನೆಲೆಸಿದ ಗೃಹಸ್ಥರೊಬ್ಬರನ್ನು ಕಲ್ಪಿಸಿಕೊಳ್ಳಬಹುದು. ತಿಂಗಳುಗಳಿಂದ ನಿದ್ದೆಯಿಲ್ಲ, ಊಟ ರುಚಿಸದು, ಊರಿಗೆ ಕಾಗದ ಬರೆಯುವ ಮನಸ್ಸಿಲ್ಲ. ಮನೆಯವರು ವಾಯುವೆಂದು ಕಷಾಯ ಕೊಡುತ್ತಾರೆ. ಖಿನ್ನತೆಯೆಂಬ ಹೆಸರು ಯಾರ ಬಾಯಿಗೂ ಬರುವುದಿಲ್ಲ. ಸಮೀಕ್ಷೆಯಲ್ಲಿ ಖಿನ್ನತೆ, ಆತಂಕ ಮುಂತಾದ ಸಾಮಾನ್ಯ ಮನೋವ್ಯಾಧಿಗಳಿಗೆ ಒಳಗಾದವರ ಪೈಕಿ ಶೇ. 85ರಷ್ಟು ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲವೆಂಬ ಮಾತು ಆಗ ಬರಿಯ ಅಂಕಿಯಾಗಿ ಉಳಿಯುವುದಿಲ್ಲ.

ಕಥೆಗೂ ಅಪಾಯವುಂಟು. ಅಪರೂಪದ ಒಂದು ಪ್ರಕರಣವನ್ನು ಬಣ್ಣಿಸಿದರೆ ಓದುಗರು ಅದನ್ನೇ ಎಲ್ಲರ ಸ್ಥಿತಿಯೆಂದು ನಂಬಿಬಿಡುತ್ತಾರೆ. ಹೆಸರು, ಊರು ಮರೆಮಾಡದಿದ್ದರೆ ರೋಗಿಗೆ ಅನ್ಯಾಯ. ನಿಮ್ಹಾನ್ಸ್‌ನ ಮನೋವೈದ್ಯರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರು ಮನೋರೋಗಗಳನ್ನು ತಿಳಿಗನ್ನಡದ ಹಲವಾರು ಪುಸ್ತಕಗಳಲ್ಲಿ ಪರಿಚಯಿಸಿ, ಈ ಕೆಲಸ ನಮ್ಮ ಭಾಷೆಯಲ್ಲಿ ಸಾಧ್ಯವೆಂದು ತೋರಿಸಿಕೊಟ್ಟಿದ್ದಾರೆ.

ಕಷಾಯದಿಂದ ಗುಣ ಕಾಣದ ಆ ಗೃಹಸ್ಥರಿಗೆ ಈಗ ಇನ್ನೊಂದು ದಾರಿಯಿದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಸರ್ಕಾರದ ಉಚಿತ ದೂರವಾಣಿ ಸೇವೆ ಟೆಲಿ-ಮಾನಸ್, ಸಂಖ್ಯೆ 14416. ಕನ್ನಡವೂ ಆ ಸೇವೆಯ ಭಾಷೆಗಳಲ್ಲೊಂದು.